ಬೇಗೂರಿನವರ ಬೆನ್ನು

ಯಡಿಯೂರಿನ ತಿಮ್ಮರಾಯಪ್ಪ ಹಲಗೆಯ ಮೇಲೆ ಮಲಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಎಲ್ಲ ಕಾಯಿಲೆಯವರ ಹಾಗೆ ಮಲಗಿದ್ದರೆ ಹೆಂಡತಿ ಅಂಜನಮ್ಮ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದಳು. ಈತ ಮಲಗಿದ್ದದ್ದು ಗಾಜಿನ ಸಾಮಾನಿನ ಹಾಗೆ. ಒಂದು ಮಗ್ಗುಲಾಗಬೇಕಾದರೆ ಉಸಿರು ಬಿಗಿಹಿಡಿಯುವುದೇನು, ಗೋಡೆ ತಡಕುವುದೇನು, "ಅಂಜಾ, ಒಸಿ ಬಾ" ಎಂದು ಕೂಗುವುದೇನು. ಕಾರ್ತಿಕ ಮಾಸದವರೆಗೂ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕೆರೆ ಏರಿ ಹತ್ತಿ ಬರುತ್ತಿದ್ದ ಐವತ್ತಮೂರರ ಗಂಡಸು ಈಗ ಕೆಳಗೆ ಬಿದ್ದ ಟವಲನ್ನೂ ತಾನಾಗಿ ಎತ್ತಿಕೊಳ್ಳುತ್ತಿರಲಿಲ್ಲ. ಬಗ್ಗಿದರೆ ಬೆನ್ನುಮೂಳೆ ಇನ್ನಷ್ಟು ಸವೆಯುತ್ತದಂತೆ.

ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಎಕ್ಸ್‌ರೇ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಡಿಸ್ಪೆನ್ಸರಿಯ ಡಾಕ್ಟರು, "ಮೂಳೆ ಸವೆದಿದೆ. ಸ್ವಲ್ಪ ದಿನ ರೆಸ್ಟ್ ತಗೊಳ್ಳೋಕೆ ಹೇಳಿ" ಎಂದಿದ್ದರು, ಅಷ್ಟೆ. ಆ ಮಾತನ್ನು ಅಂಜನಮ್ಮ ಮನೆಗೆ ತಂದಳು. ತಿಮ್ಮರಾಯಪ್ಪ ಮಲಗಿದಲ್ಲಿಯೇ ಅದನ್ನು ಅಳೆದು ತೂಗಿ ಬೆಳೆಸಿದ. ಕುಡುಗೋಲು ಸವೆಯುವುದು ಕುಯ್ದದ್ದಕ್ಕೆ, ಚಕ್ರದ ಕೀಲು ಸವೆಯುವುದು ತಿರುಗಿದ್ದಕ್ಕೆ. ಹಾಗಾದರೆ ತನ್ನ ಮೂಳೆ ಸವೆದದ್ದು ಇಪ್ಪತ್ತೈದು ವರ್ಷ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆದದ್ದಕ್ಕೇ ಸೈ. ಉಳಿದಿರುವ ಚೂರನ್ನಾದರೂ ಜೋಪಾನ ಮಾಡಬೇಕು. ಗಂಡಸರು ಒಂದು ಸಲ ತಮ್ಮ ಮೈಯ ಬಗ್ಗೆ ಯೋಚನೆ ಮಾಡಲು ಕೂತರೆ ಅವರನ್ನು ಬ್ರಹ್ಮ ಬಂದರೂ ಎಬ್ಬಿಸಲಾರ.

ಆಗಿನ್ನೂ ಊರ ಪಕ್ಕದ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ತಿಮ್ಮರಾಯಪ್ಪನ ಹೊಲದ ಮುಕ್ಕಾಲು ಭಾಗ ಬಡಾವಣೆಗೆ ಹೋಗಿತ್ತು. ಉಳಿದ ಕಾಲು ಭಾಗದಲ್ಲಿ ಹುಲ್ಲು ಬೆಳೆದು ಮೂರು ಹಸು ಕಟ್ಟಿಕೊಂಡಿದ್ದ. ಬೆಳಗಾಗುತ್ತಲೂ ಹಸು ಕರುಗಳನ್ನು ಹೊಡೆದುಕೊಂಡು ಹೊಸ ಮನೆಗಳ ಬಾಗಿಲಿಗೆ ಹೋಗುವುದು, ಮನೆಯಾಕೆಯ ಕಣ್ಣೆದುರಿಗೆ ತಂಬಿಗೆಯನ್ನು ಬೋರಲು ಮಾಡಿ ಒಳಗೆ ಹನಿ ನೀರಿಲ್ಲ ಎಂದು ತೋರಿಸುವುದು, ಅಲ್ಲೇ ಕೂತು ಕರೆದುಕೊಡುವುದು. ಹೀಗೆ ನಾಲ್ಕು ಬೀದಿಯಲ್ಲಿ ಅವನು 'ಹಾಲಿನವರು' ಎಂದೇ ಹೆಸರಾದ. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೆನ್ನು ಹಿಡಿದದ್ದು ಗಿರಿಜಾದೇವಿಯವರ ಮನೆಯ ಬಾಗಿಲಲ್ಲಿ. ಆಕೆಯ ಯಜಮಾನರು ಗುರುಶಾಂತಪ್ಪನವರು ದಾವಣಗೆರೆಯ ಕಡೆ ಹೆಡ್ಮಾಸ್ಟರಾಗಿದ್ದು ನಿವೃತ್ತರಾಗಿ ಇಲ್ಲಿ ಮನೆ ಕಟ್ಟಿಸಿದವರು. ಆ ದಿನ ತಿಮ್ಮರಾಯಪ್ಪ ಕೆಂದಿ ಹಸುವಿನ ಹಾಲು ಕರೆದು ತಂಬಿಗೆಯನ್ನು ಮೇಲಕ್ಕೆತ್ತಿ ಕೊಟ್ಟ. ತಾನು ಮಾತ್ರ ಏಳಲಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಂಕುಳಿಗೆ ಕೈಕೊಟ್ಟು ಎತ್ತಿ ಜಟಕಾ ಹತ್ತಿಸಿ ಮನೆಗೆ ಕಳುಹಿಸಿದರು.

ಆಮೇಲಿನ ನಾಲ್ಕು ತಿಂಗಳನ್ನು ಅಂಜನಮ್ಮ ಹೇಗೆ ತಳ್ಳಿದಳೋ ಅವಳಿಗೇ ಗೊತ್ತು. ಇದ್ದ ಒಬ್ಬ ಮಗ ರಾಮಯ್ಯ ಮಿಲಿಟರಿ ಸೇರಿ ಉತ್ತರದಲ್ಲೆಲ್ಲೋ ಇದ್ದ. ಹುಲ್ಲು ಕುಯ್ಯುವುದು, ಸಗಣಿ ಬಾಚುವುದು, ಮನೆ ಮನೆಗೆ ಹಾಲು, ಎಲ್ಲ ಅವಳದೇ ಆಯಿತು. ಎರಡು ಹಸು ಅವಳ ಕೈಗೆ ಒಗ್ಗಿದವು. ಕೆಂದಿ ಮಾತ್ರ ಅವಳು ಕೂತರೆ ಸಾಕು, ಕಾಲು ಝಾಡಿಸುತ್ತಿತ್ತು; ಅದರ ಹಾಲೆಲ್ಲ ಕರುವಿನ ಪಾಲಾಯಿತು. ಯಜಮಾನನ ಕೈಯೇ ಬೇಕು ಅದಕ್ಕೆ. ಯಜಮಾನನಿಗೋ ಹಲಗೆಯೇ ಬೇಕು.

ಕೊನೆಗೆ ತಿಮ್ಮರಾಯಪ್ಪನ ದೊಡ್ಡಪ್ಪನ ಮಗ ಚಿಕ್ಕಬೈರಪ್ಪ ಮಾತು ತೆಗೆದ. ದನದ ವ್ಯಾಪಾರ ಮಾಡುವವನು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

"ಮೂಳೆ ಸವೆದೋನು ಇನ್ನೆಲ್ಲಿ ಹಾಲು ಕರೀತಾನೆ? ಅತ್ಗೆ ಒಬ್ಬಳೇ ಸಾಯ್ತಾ ಅವ್ಳೆ. ಸೋಮವಾರ ಸಂಜೆ ಬತ್ತೀನಿ, ಮೂರೂ ಹೊಡ್ಕೊಂಡು ಹೋಯ್ತೀನಿ. ಒಳ್ಳೆ ಮನೆಗೇ ಸೇರಿಸ್ತೀನಿ ಕಣಣ್ಣ."

ತಿಮ್ಮರಾಯಪ್ಪ ಬೇಡ ಎನ್ನಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ. ಅದೂ ಉಸಿರು ಬಿಗಿಹಿಡಿದು, ಮೆಲ್ಲಗೆ. ಅಂಜನಮ್ಮನಿಗೆ ಹಸು ಹೋಗುವ ಸಂಕಟಕ್ಕಿಂತ ಅವನು ಸುಮ್ಮನಿದ್ದದ್ದರ ಸಂಕಟವೇ ಹೆಚ್ಚಾಯಿತು. ಕೊಟ್ಟಿಗೆ ಬರಿದಾದ ಮೇಲೆ ಈ ಮನುಷ್ಯ ಏಳುವುದಿಲ್ಲ ಎಂದು ಅವಳಿಗೆ ಖಂಡಿತವಾಗಿ ಗೊತ್ತಿತ್ತು. ಏಳುವುದಕ್ಕೆ ಕಾರಣವೇ ಇರುವುದಿಲ್ಲವಲ್ಲ.

ಶನಿವಾರ ಹಾಲು ಕೊಡಲು ಹೋದಾಗ ಗಿರಿಜಾದೇವಿಯವರ ಮುಂದೆ ಎಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಒಳಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಗುರುಶಾಂತಪ್ಪನವರು ಹೊರಗೆ ಬಂದರು.

"ಸೋಮವಾರ ಸಂಜೆ ಅಲ್ವೇನಮ್ಮ? ಬೆಳಗ್ಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲಿಯ ಮೂಳೆ ಡಾಕ್ಟ್ರು ನನ್ನ ಹತ್ರ ಓದಿದ ಹುಡುಗ. ಒಂದು ಕಾಗದ ಬರೆದುಕೊಡ್ತೀನಿ. ಆ ಎಕ್ಸ್‌ರೇ ಕವರು ತಗೊಂಡು ಬಾ, ನಂಬರು ಬೇಕಾಗುತ್ತೆ."

ಅವಳು ಓಡುನಡಿಗೆಯಲ್ಲಿ ಹೋಗಿ ತಂದಳು. ಕಂದು ಬಣ್ಣದ ದೊಡ್ಡ ಕವರು, ಮೇಲೆ ಇಂಗ್ಲಿಷಿನಲ್ಲಿ ಮಸಿಯ ಬರಹ. ಗುರುಶಾಂತಪ್ಪನವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

"ನಿಮ್ಮ ಯಜಮಾನರಿಗೆ ವಯಸ್ಸೆಷ್ಟಮ್ಮ?"

"ಐವತ್ಮೂರೋ ಐವತ್ನಾಲ್ಕೋ ಸಾರ್."

"ಇಲ್ಲಿ ಎಪ್ಪತ್ತೊಂದು ಅಂತ ಇದೆ. ಹೆಸರು ರಾಮಯ್ಯ. ಊರು ಬೇಗೂರು."

ಅಂಜನಮ್ಮನಿಗೆ ಪಟ ತೆಗೆಸಿದ ದೊಡ್ಡಾಸ್ಪತ್ರೆಯ ಕಿಟಕಿ ಕಣ್ಣಿಗೆ ಕಟ್ಟಿತು. ಪಟ ಒಣಗಬೇಕು, ನಾಳೆ ಬನ್ನಿ ಎಂದಿದ್ದರು. ಮಾರನೆಯ ದಿನ ಗಂಡನಿಗೆ ಏಳಲಾಗದೆ ಅವಳೊಬ್ಬಳೇ ಹೋಗಿದ್ದಳು. ಕಿಟಕಿಯ ಗುಮಾಸ್ತ ಹೆಸರು ಕೇಳಿದ. ಇವಳು ಹೇಗೆ ಹೇಳಿಯಾಳು? ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಬಾಯಿಬಿಟ್ಟದ್ದೇ ಮೊದಲು, ಅದೇ ಕೊನೆ. ಅಂಥದರಲ್ಲಿ ಕಾಯಿಲೆ ಬಿದ್ದ ಹೊತ್ತಿನಲ್ಲಿ, ಆಸ್ಪತ್ರೆಯಂಥ ಜಾಗದಲ್ಲಿ ಹೇಳುವುದೇ? "ನಮ್ಮ ರಾಮಯ್ಯನ ಅಪ್ಪಂದು" ಎಂದಳು. ಹಿಂದೆ ಸಾಲು ಬೆಳೆದಿತ್ತು. ಗುಮಾಸ್ತ ಕವರುಗಳನ್ನು ತಿರುವಿ, "ರಾಮಯ್ಯ, ಬೆನ್ನು, ಅಲ್ವಾ?" ಎಂದ. ಬೆನ್ನು ಎಂದದ್ದೇ ಸರಿ, ಅವಳು ತಲೆಯಾಡಿಸಿ ಈಸಿಕೊಂಡು ಬಂದಿದ್ದಳು. ಡಿಸ್ಪೆನ್ಸರಿಯ ಡಾಕ್ಟರು ಪಟ ನೋಡಿದರೇ ಹೊರತು ಕವರು ನೋಡಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

ಕವರು ಕಂಕುಳಲ್ಲಿಟ್ಟುಕೊಂಡು ಅವಳು ಮನೆಯ ದಾರಿ ಹಿಡಿದಳು. ಸವೆದ ಮೂಳೆ ಇವರದಲ್ಲ ಎಂದು ಒಂದು ಕಡೆ ಕುಣಿಯಬೇಕು ಅನ್ನಿಸಿತು. ಇನ್ನೊಂದು ಕಡೆ, ಯಾರದೋ ಬೆನ್ನು ತಂದು, ಕಟ್ಟಿಕೊಂಡ ಗಂಡನನ್ನು ನಾಲ್ಕು ತಿಂಗಳು ಹಲಗೆಗೆ ಅಂಟಿಸಿದೆನಲ್ಲ ಪಾಪಿ ಎಂದು ನಾಚಿಕೆಯಾಯಿತು. ಮನೆಗೆ ಬಂದು ಕೈಕಾಲು ತೊಳೆಯದೆ ಹಲಗೆಯ ಪಕ್ಕ ಕೂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ತಿಮ್ಮರಾಯಪ್ಪ ಸೂರು ನೋಡುತ್ತ ಕೇಳಿದ.

"ನನ್ನ ಹೆಸರು ಹೇಳಿದ್ರೆ ನಿನ್ ನಾಲಿಗೆ ಉದುರೋಗ್ತಿತ್ತಾ?"

ಅವಳು ತಲೆ ತಗ್ಗಿಸಿದಳು. ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದಳು. ಅವನು ಬೈಯಲಿಲ್ಲ. ಅವನ ಯೋಚನೆ ಆಗಲೇ ಬೇರೆ ಕಡೆ ತಿರುಗಿತ್ತು.

"ಅಲ್ಲ ಕಣೆ, ಹಂಗಾರೆ ಆ ಬೇಗೂರಿನೋರ ಗತಿ ಏನು? ಎಪ್ಪತ್ತೊಂದು ವರ್ಷ. ಮೂಳೆ ಸವೆದೈತೆ ಅಂತ ಅವ್ರಿಗೆ ಹೇಳೋರೇ ಇಲ್ವಲ್ಲ. ಪಟ ನಮ್ ಮನೇಲೈತೆ. ಪಾಪ, ಅವ್ರು ಗೊತ್ತಿಲ್ದೆ ಬಗ್ತಾ ಇದ್ರೆ?"

ನಾಲ್ಕು ತಿಂಗಳಿಂದ ತನ್ನ ಬೆನ್ನೊಂದನ್ನು ಬಿಟ್ಟು ಲೋಕದಲ್ಲಿ ಬೇರೆ ಯಾವುದರ ಚಿಂತೆಯೂ ಇಲ್ಲದಿದ್ದವನು ಆ ಗುರುತಿಲ್ಲದ ಮುದುಕನಿಗಾಗಿ ಗೋಡೆ ಹಿಡಿದು ಎದ್ದು ಕೂತ. ಪಟವನ್ನು ತಾನೇ ಕೈಯಾರೆ ತಲುಪಿಸಬೇಕು, ಜೋಪಾನದ ಮಾತು ನಾಲ್ಕು ಹೇಳಬೇಕು ಎಂದು ಹಟ ಹಿಡಿದ. ಆ ಪಟದ ಜೊತೆಗೆ ಅಷ್ಟು ದಿನ ಬಾಳಿದ್ದನಲ್ಲ, ನೆಂಟಸ್ತನ ಬೆಳೆದಿತ್ತು.

ಭಾನುವಾರ ಬೆಳಗ್ಗೆ ಪಕ್ಕದ ಮನೆಯವರ ಎತ್ತಿನ ಗಾಡಿ ಕೇಳಿ ಹೊರಟರು. ಕೆಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ ಅಂಜನಮ್ಮ ಗಂಡನನ್ನು ಮಲಗಿಸಿದಳು. ಗಾಡಿ ಬನ್ನೇರುಘಟ್ಟದ ರಸ್ತೆ ದಾಟಿ ಮಣ್ಣುದಾರಿಗೆ ಇಳಿದದ್ದೇ ತಡ, ಒಂದೊಂದು ಹಳ್ಳಕ್ಕೂ ಅವನು ಹಲ್ಲು ಕಚ್ಚಿದ. ಕೊನೆಗೆ ತಡೆಯಲಾರದೆ, "ನಿಲ್ಸಪ್ಪ, ಇದ್ಕಿಂತ ನಡೆಯೋದೇ ಮೇಲು" ಎಂದು ಇಳಿದುಬಿಟ್ಟ.

ಅಂಜನಮ್ಮ ಹಿಂದೆಯೇ ಇಳಿದು ಕೈ ಕೊಟ್ಟಳು. ಮೊದಲ ಹತ್ತು ಹೆಜ್ಜೆ ಆಗತಾನೆ ನಡೆಯಲು ಕಲಿತ ಮಗುವಿನ ಹೆಜ್ಜೆ. ಒಂದು ಹುಣಸೆಮರ ಬರುವವರೆಗೆ ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದ. ಮರದ ನೆರಳಲ್ಲಿ ನಿಂತು ಸುಧಾರಿಸಿಕೊಂಡ. ಮುಂದಿನ ಹೊಲದ ಬದುವಿನವರೆಗೆ ಹೋಗುವಾಗ ಹಿಡಿತ ಸಡಿಲವಾಗಿತ್ತು. ಅದಾದ ಮೇಲೆ ಯಾವಾಗ ಕೈ ಬಿಟ್ಟನೋ ಅವಳಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

"ನೋವೈತಾ?" ಎಂದು ಕೇಳಿದಳು.

"ಐತೆ. ಆದ್ರೆ ಹೊರಟಾಗ ಇದ್ದಷ್ಟು ಇಲ್ಲ" ಎಂದ. ಹೇಳಿ ತಾನೇ ಅಚ್ಚರಿಪಟ್ಟು ಹಿಂದೆ ತಿರುಗಿ ಬಂದ ದಾರಿ ನೋಡಿದ.

ಬೇಗೂರಿನ ನಾಗೇಶ್ವರನ ಗುಡಿಯ ಹತ್ತಿರ ವಿಚಾರಿಸಿದರು. ಹೂವು ಕಟ್ಟುತ್ತಿದ್ದ ಹೆಂಗಸೊಬ್ಬಳು ಕೆರೆಯ ಕಡೆ ಕೈ ತೋರಿಸಿ, "ರಾಮಯ್ಯಜ್ಜನಾ? ಕಣದಾಗೆ ಅವ್ರೆ, ಮೆದೆ ಒಟ್ತಾ ಅವ್ರೆ" ಎಂದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಟ್ಟಿಸುತ್ತಾ ಇರಬೇಕು, ಆಳುಗಳ ಕೈಲಿ.

ಕಣದಲ್ಲಿ ಆಳು ಎತ್ತರದ ಎರಡರಷ್ಟು ರಾಗಿ ಹುಲ್ಲಿನ ಮೆದೆ ಎದ್ದಿತ್ತು. ಕೆಳಗಿನಿಂದ ಇಬ್ಬರು ಗಂಡಸರು ಹುಲ್ಲಿನ ಕಂತೆ ಎಸೆಯುತ್ತಿದ್ದರು. ಮೇಲೆ ನಿಂತ ಒಣಕಲು ಮುದುಕ ಒಂದೊಂದನ್ನೂ ಹಿಡಿದು, ಬಗ್ಗಿ, ಮೂಲೆಗೆ ಇಟ್ಟು, ಕಾಲಲ್ಲಿ ತುಳಿದು, ಮತ್ತೆ ನೆಟ್ಟಗೆ ನಿಂತು ಕೈ ಚಾಚುತ್ತಿದ್ದ. ಜೊತೆಗೆ ಕೆಳಗಿನವರು ನಿಧಾನ ಮಾಡಿದರೆಂದು ಬೈಗುಳ ಬೇರೆ.

"ಇಲ್ಲಿ ರಾಮಯ್ಯ ಅನ್ನೋರು ಯಾರು?" ತಿಮ್ಮರಾಯಪ್ಪ ಕೂಗಿದ.

"ನಾನೇ. ಯಾಕೆ?" ಮೆದೆಯ ಮೇಲಿನಿಂದ ಬಂತು.

ಮುದುಕ ಏಣಿ ಇಳಿದು ಬಂದ. ತಿಮ್ಮರಾಯಪ್ಪ ಕವರನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟು, ಇಂಥದ್ದು, ಹೀಗಾಯಿತು, ತಪ್ಪಾಯಿತು ಎಂದು ಹೇಳಿದ. ಆಮೇಲೆ ದನಿ ತಗ್ಗಿಸಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಜ್ಜ, ಡಾಕ್ಟ್ರು ನಿಮ್ಮ ಬೆನ್ನುಮೂಳೆ ಸವೆದೈತೆ ಅಂದವ್ರೆ ಎಂದ.

ರಾಮಯ್ಯ ಪಟ ಹೊರಗೆಳೆದು ಬಿಸಿಲಿಗೆ ಹಿಡಿದು ಉಲ್ಟಾ ನೋಡಿದ, ಸೀದಾ ನೋಡಿದ.

"ಎಪ್ಪತ್ತು ವರ್ಷ ದುಡಿದೈತೆ, ಸವೀದೆ ಇನ್ನೇನು ಹೊಸದಾಗಿ ಚಿಗುರ್ತದಾ?" ಎಂದ. "ಗಾಡಿಯಿಂದ ಬಿದ್ದಿದ್ದೆ. ಮಗ ಬಲವಂತ ಮಾಡಿ ಫೋಟೊ ಹಿಡಿಸ್ದ. ಎಂಟು ದಿನ ಅಯ್ಯೋ ಅಮ್ಮ ಅಂತ ಇದ್ದೆ. ಅಷ್ಟೊತ್ಗೆ ರಾಗಿ ಕುಯ್ಲು ಬಂತು. ಮನೇಲಿ ಕುಂತ್ರೆ ನಡ ಇನ್ನೂ ಬಿಗೀತಿತ್ತು, ಸುಮ್ನೆ ಹೊಲ್ದಾಗೆ ಓಡಾಡ್ದೆ. ಮೊದ್ಲು ಒಂದು ಸಾಲು ಕುಯ್ದೆ, ಮಾರ್ನೇ ದಿನ ಎರಡು. ಹಂಗೇ ಸಡ್ಲ ಆಯ್ತು. ಆಮ್ಯಾಕೆ ಈ ಫೋಟೊ ಯಾಕೆ ಅಂತ ನಾವ್ಯಾರೂ ಹೋಗ್ಲೇ ಇಲ್ಲ."

"ಈಗ ನೋವೇ ಇಲ್ವಾ?"

"ಮೋಡ ಆದಾಗ ಒಸಿ ಬರ್ತದೆ. ಬಂದ್ರೆ ಒಂದು ಸುತ್ತು ಕೆರೆ ಏರಿ ಮೇಲೆ ಹೋಗಿ ಬತ್ತೀನಿ. ನೀವ್ಯಾಕೆ ಹಿಂಗೆ ಬೆಳ್ಳಗಾಗಿದ್ದೀರಿ? ಏನು ಕಾಯಿಲೆ?"

ತಿಮ್ಮರಾಯಪ್ಪ ಏನು ಹೇಳಿಯಾನು? ನಿಮ್ಮ ಬೆನ್ನೇ ನನ್ನ ಕಾಯಿಲೆ ಎನ್ನಲಾದೀತೆ? ಅಂಜನಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾಲ್ಕು ತಿಂಗಳಲ್ಲಿ ಅವಳಿಗೆ ಮೊದಲ ಸಲ ನಗು ಬಂದಿತ್ತು. ಅವಳು ನಗುವುದನ್ನು ನೋಡಿ ತಿಮ್ಮರಾಯಪ್ಪನೂ ಬೆನ್ನಿಗೆ ಕೈಕೊಟ್ಟುಕೊಂಡು ನಕ್ಕ. ರಾಮಯ್ಯ ಇಬ್ಬರಿಗೂ ಮಜ್ಜಿಗೆ ಕೊಡಿಸಿ, ಪಟವನ್ನು ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಮತ್ತೆ ಏಣಿ ಹತ್ತಿದ.

ಆದರೆ ಭಯ ಎನ್ನುವುದು ಅಷ್ಟು ಸುಲಭಕ್ಕೆ ಮನೆ ಬಿಡುವುದಿಲ್ಲ. ವಾಪಸು ಬರುವಾಗ ತಿಮ್ಮರಾಯಪ್ಪ ಅರ್ಧ ದಾರಿ ನಡೆದ, ಅರ್ಧ ದಾರಿ ಗಾಡಿಯಲ್ಲಿ ಕೂತ, ಮಧ್ಯೆ ಮಧ್ಯೆ ಮಾತ್ರ ಒಂದೇ ಪ್ರಶ್ನೆ: "ನನ್ ಪಟದಲ್ಲಿ ಏನೈತೋ?" ಅಂಜನಮ್ಮ, "ಏನೂ ಇರಲ್ಲ, ಸುಮ್ಕೆ ಬನ್ನಿ" ಎನ್ನುತ್ತಲೇ ಇದ್ದಳು. ತನ್ನ ಗಂಡನ ಮೂಳೆ ಬೆಣ್ಣೆಯ ಹಾಗೆ ನುಣ್ಣಗಿರುತ್ತದೆ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಸೋಮವಾರ ದೊಡ್ಡಾಸ್ಪತ್ರೆಯ ಕಿಟಕಿಯಲ್ಲಿ ತಿಮ್ಮರಾಯಪ್ಪ ತನ್ನ ಹೆಸರನ್ನು ತಾನೇ ಹೇಳಿದ. ಗುಮಾಸ್ತ ಅಟ್ಟದಿಂದ ಕವರು ತೆಗೆದು ಧೂಳು ಕೊಡವಿ ಕೊಟ್ಟ. ಗುರುಶಾಂತಪ್ಪನವರ ಕಾಗದ ನೋಡಿ ಮೂಳೆ ಡಾಕ್ಟರು ಕುರ್ಚಿ ಕೊಟ್ಟು ಕೂರಿಸಿದರು. ಕಾಲು ಎತ್ತಿಸಿದರು, ಪಾದಕ್ಕೆ ಸೂಜಿ ತಾಗಿಸಿ ತಿಳಿಯುತ್ತದೆಯೇ ಎಂದು ಕೇಳಿದರು, ಮಂಡಿಗೆ ಸಣ್ಣ ಸುತ್ತಿಗೆ ಬಡಿದರು. ಆಮೇಲೆ ಎರಡು ಪಟಗಳನ್ನೂ ಬೆಳಕಿನ ಗಾಜಿಗೆ ಅಕ್ಕಪಕ್ಕ ಸಿಕ್ಕಿಸಿದರು.

"ಇದು ಬೇಗೂರಿನ ಅಜ್ಜನದು. ಇದು ನಿಮ್ಮದು. ಇಲ್ಲಿ ನೋಡಿ, ಅವರ ಮೂಳೆಗಳ ನಡುವಿನ ಸಂದು ತೆಳ್ಳಗಾಗಿದೆ, ಅಂಚಿನಲ್ಲಿ ಮೊಳೆ ಥರ ಬೆಳೆದಿದೆ. ನಿಮ್ಮದರಲ್ಲೂ ಅದೇ ಜಾಗದಲ್ಲಿ ಅದೇ ಇದೆ."

ಅಂಜನಮ್ಮ ಗಾಜಿನ ಹತ್ತಿರಕ್ಕೆ ಬಗ್ಗಿ ನೋಡಿದಳು.

"ಇವ್ರದ್ದೂ ಸವೆದೈತಾ ಸಾರ್?"

"ಸವೆದಿದೆಯಮ್ಮ. ನನ್ನದು ತೆಗೆದ್ರೆ ನನ್ನದೂ ಸವೆದಿರುತ್ತೆ. ತಲೆ ನೆರೆಯೋ ಹಾಗೆ ಇದು. ಸವೆದಿರೋರಲ್ಲಿ ಎಷ್ಟೋ ಜನಕ್ಕೆ ನೋವೇ ಇರಲ್ಲ. ನೋವಿರೋರಲ್ಲಿ ಎಷ್ಟೋ ಜನದ ಪಟ ಚೆನ್ನಾಗೇ ಇರುತ್ತೆ. ಪಟ ನೋಡಿ ನೋವು ಇಷ್ಟೇ ಅಂತ ಹೇಳೋಕೆ ಆಗಲ್ಲ." ಡಾಕ್ಟರು ತಿಮ್ಮರಾಯಪ್ಪನ ಕಡೆ ತಿರುಗಿದರು. "ನಿಮಗೆ ಅವತ್ತು ಉಳುಕಿತ್ತು. ಅದು ಯಾವತ್ತೋ ವಾಸಿಯಾಗಿರಬೇಕು. ನಾಲ್ಕು ತಿಂಗಳು ಮಲಗಿ ಮಾಂಸಖಂಡ ಸೋತುಹೋಗಿದೆ, ನಡ ಬಿಗಿದುಕೊಂಡಿದೆ. ಈಗಿನ ನೋವಲ್ಲಿ ಅದರ ಪಾಲೇ ಜಾಸ್ತಿ."

"ಬಗ್ಗಿದ್ರೆ ಕುಡುಗೋಲಿನಂಗೆ ಇನ್ನೂ ಸವೆಯಲ್ವಾ?"

"ಇದು ಕುಡುಗೋಲಲ್ಲಪ್ಪ, ಜೀವ ಇರೋ ಮೈ. ಆಡಿಸಿದಷ್ಟೂ ಪಳಗುತ್ತೆ. ನಡೀರಿ, ಬಗ್ಗಿ, ಹಾಲು ಕರೀರಿ. ಮೊದಲು ಒಂದು ಹಸು, ಮುಂದಿನ ವಾರ ಎರಡು. ಸ್ವಲ್ಪ ನೋಯುತ್ತೆ, ಹೆದರಬೇಡಿ. ಕಾಲು ಜೋಮು ಹಿಡಿದು ಬಲ ಕಡಿಮೆ ಆದ್ರೆ, ಮೂತ್ರಕ್ಕೆ ತೊಂದರೆ ಆದ್ರೆ ಮಾತ್ರ ಅವತ್ತೇ ಓಡಿ ಬನ್ನಿ. ಸದ್ಯಕ್ಕೆ ನಿಮಗೆ ಅಂಥದ್ದೇನೂ ಇಲ್ಲ."

ಹೊರಗೆ ಬಂದ ಮೇಲೂ ಅಂಜನಮ್ಮನಿಗೆ ಅರ್ಧ ಮಾತು ಜೀರ್ಣವಾಗಲಿಲ್ಲ. ಬೆಣ್ಣೆಯ ಹಾಗಿರಬೇಕಾದ ಮೂಳೆ ಸವೆದಿದೆಯಂತೆ, ಆದರೂ ಡಾಕ್ಟರು ನಗುತ್ತಾ ಕಳುಹಿಸಿದರು. ಗಂಡನ ಮುಖ ನೋಡಿದಳು. ಅವನು ಬಸ್ಸಿಗೂ ಕಾಯದೆ ಲಾಲ್‌ಬಾಗಿನ ಕಡೆ ಹೆಜ್ಜೆ ಹಾಕುತ್ತಿದ್ದ. ದಿಬ್ಬ ಬಂದಾಗ ಒಂದು ಕಲ್ಲಿನ ಮೇಲೆ ಕೂತ, ಎದ್ದ, ಮತ್ತೆ ನಡೆದ. ಕೂರುವುದಕ್ಕೂ ಏಳುವುದಕ್ಕೂ ಉಸಿರು ಬಿಗಿಹಿಡಿಯಲಿಲ್ಲ.

ಸಂಜೆ ಮನೆಗೆ ಬರುವಷ್ಟರಲ್ಲಿ ಚಿಕ್ಕಬೈರಪ್ಪ ಕೊಟ್ಟಿಗೆಯ ಮುಂದೆ ಹಗ್ಗ ಹಿಡಿದು ನಿಂತಿದ್ದ. ತಿಮ್ಮರಾಯಪ್ಪ ಅವನನ್ನು ಮಾತಾಡಿಸಲೂ ಇಲ್ಲ. ತಂಬಿಗೆ ತೊಳೆದು ತಂದ, ಕರು ಬಿಟ್ಟ, ಕೆಂದಿಯ ಬೆನ್ನು ಸವರಿದ. ಕಂಬ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕುಕ್ಕರಗಾಲಿಗೆ ಇಳಿದ. ಅರ್ಧಕ್ಕೆ ಬಂದಾಗ ಮುಖ ಕಿವುಚಿತು. ಅಂಜನಮ್ಮ ಮುಂದೆ ಬಂದಳು, ಬೇಡ ಎಂದು ಕೈಸನ್ನೆ ಮಾಡಿದ. ಕೂತ. ನಾಲ್ಕು ತಿಂಗಳಿಂದ ಒಬ್ಬರನ್ನೂ ಹತ್ತಿರ ಸೇರಿಸದ ಕೆಂದಿ ಕಿವಿ ಆಡಿಸಿಕೊಂಡು ಸುಮ್ಮನೆ ನಿಂತಿತು. ತಂಬಿಗೆಗೆ ಹಾಲು ಬೀಳುವ ಸದ್ದು ಕೇಳಿಸಿತು.

ಕರೆದು ಮುಗಿಸಿ ಅವನು ಕಂಬ ಹಿಡಿದು ಎದ್ದ. ಹಣೆಯಲ್ಲಿ ಬೆವರಿತ್ತು.

"ಚಿಕ್ಕ, ಹಗ್ಗ ಸುತ್ಕೊಂಡು ಮನೆಗೆ ಹೋಗು. ಇವು ಎಲ್ಲೂ ಬರಲ್ಲ" ಎಂದ.

ಚಿಕ್ಕಬೈರಪ್ಪ ಒಮ್ಮೆ ಅಣ್ಣನನ್ನು, ಒಮ್ಮೆ ತಂಬಿಗೆಯನ್ನು ನೋಡಿದ. "ನಂಗೇನು, ನೀನು ಎದ್ಯಲ್ಲ, ಅಷ್ಟೇ ಸಾಕು" ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ.

ಆಗ ಅಂಜನಮ್ಮನಿಗೆ ಎರಡು ದಿನದಿಂದ ತಡೆದದ್ದೆಲ್ಲ ಒತ್ತರಿಸಿ ಬಂತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು.

"ನನ್ನಿಂದ ನಾಕು ತಿಂಗ್ಳು ನರಕ ಆಯ್ತಲ್ಲ ನಿಮ್ಗೆ. ಬಾಯಿ ಬಿಟ್ಟು ಒಂದು ಮಾತು ಹೇಳ್ದೆ ಹೋದ್ನಲ್ಲ."

ತಿಮ್ಮರಾಯಪ್ಪ ತಂಬಿಗೆಯನ್ನು ಅವಳ ಪಕ್ಕ ಇಟ್ಟು ತಾನೂ ಕಂಬಕ್ಕೆ ಒರಗಿ ನಿಂತ.

"ಸುಮ್ಕಿರೇ. ದಾರಿ ಉದ್ದಕ್ಕೂ ಅದೇ ಯೋಚ್ನೆ ಮಾಡ್ದೆ. ಅವತ್ತು ನೀನು ಸರ್ಯಾಗಿ ಹೆಸ್ರು ಹೇಳಿ ನಂದೇ ಪಟ ತಂದಿದ್ರೆ ಏನಾಗ್ತಿತ್ತು ಹೇಳು. ಆ ಡಿಸ್ಪೆನ್ಸರಿ ಡಾಕ್ಟ್ರು ಸವೆದೈತೆ ಅಂತ ಅದೇ ಮಾತು ಅನ್ನೋರು. ನಾನು ಅದೇ ಹಲಗೆ ಮೇಲೆ ಬೀಳ್ತಿದ್ದೆ. ಪಟ ನಂದೇ, ಮೂಳೆ ನಂದೇ. ಮೇಷ್ಟ್ರು ಓದಿದ್ರೂ ಕವರಿನ ಮೇಲೆ ನನ್ ಹೆಸ್ರೇ ಇರ್ತಿತ್ತು. ದೊಡ್ಡಾಸ್ಪತ್ರೆಗೆ ಬಾ ಅಂದ್ರೂ ನಾನು ಹಲಗೆ ಬಿಡ್ತಿರ್ಲಿಲ್ಲ. ಬೇಗೂರಿಗೆ ಯಾರು ಹೋಗೋರು? ಯಾರು ನನ್ನ ಎಬ್ಬಿಸೋರು?"

ಅಂಜನಮ್ಮ ಅಳು ನಿಲ್ಲಿಸಿ ಅವನ ಮುಖ ನೋಡಿದಳು. ಹೌದಲ್ಲ ಎನ್ನಿಸಿತು. ಮೂಗು ಒರೆಸಿಕೊಂಡು ತಂಬಿಗೆ ಎತ್ತಿಕೊಂಡಳು. ಗಿರಿಜಾದೇವಿಯವರ ಮನೆಗೆ ಸಂಜೆಯ ಹಾಲು ಇನ್ನೂ ಹೋಗಿರಲಿಲ್ಲ. ಅವಳು ಹೊರಟಾಗ ತಿಮ್ಮರಾಯಪ್ಪ, "ತಡಿ, ನಾನೂ ಬತ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡ.